ಶ್ರೀಲತಾ ಬರೆದ ಹನ್ನೊಂದು ಪುಟ

ಶ್ರೀಲತಾ ಏನು ಕೆಲಸ ಮಾಡುತ್ತಾಳೆಂದು ಅಮೆರಿಕದ ಕ್ಯಾರಿ ಎಂಬ ಊರಿನ ಕನ್ನಡಿಗರಲ್ಲಿ ನೆಟ್ಟಗೆ ಗೊತ್ತಿದ್ದವರು ಕಡಿಮೆ. ‘ಮ್ಯಾಥ್ಸ್ ಪ್ರೊಫೆಸರ್ರು’ ಎಂದು ಹೊಗಳಿ, ಮಕ್ಕಳ ಹೋಮ್‌ವರ್ಕನ್ನು ಮುಂದೆ ಹಿಡಿಯುವವರೇ ಎಲ್ಲ. ಅವಳ ವಿಷಯ ಸಂಭವನೀಯತೆ. ಯಾವುದು ಆಕಸ್ಮಿಕ, ಯಾವುದು ಅಲ್ಲ ಎಂದು ಲೆಕ್ಕ ಹಾಕಿ ನೋಡುವ ಗಣಿತ ಅದು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ಅಸೋಸಿಯೇಟ್ ಪ್ರೊಫೆಸರ್ ಆಗಿಯೇ ತಲೆ ನರೆಸಿಕೊಳ್ಳುತ್ತಿದ್ದಳು. ಪೂರ್ಣ ಪ್ರೊಫೆಸರ್ ಹುದ್ದೆಗೆ ಒಮ್ಮೆ ಅರ್ಜಿ ಹಾಕಿ ‘ಸಂಶೋಧನೆಯ ಪ್ರಭಾವ ಸಾಲದು’ ಎನ್ನಿಸಿಕೊಂಡಿದ್ದಳು. ಪಾಪ, ಆ ಮಾತು ಅವಳಿಗೆ ಚೆನ್ನಾಗಿಯೇ ನಾಟಿತ್ತು.

2022ರಲ್ಲಿ ಮತ್ತೆ ಅರ್ಜಿ ಹಾಕಿದಳು. ಈ ಸಲ ಕೈಯಲ್ಲೊಂದು ಬಲವಿತ್ತು. ಅವಳು ಎಂದೋ ಬರೆದಿದ್ದ ಹನ್ನೊಂದು ಪುಟದ ಲೇಖನವನ್ನು ಕೋವಿಡ್ ಬಂದ ಮೇಲೆ ಕಂಡಕಂಡವರೆಲ್ಲ ಉಲ್ಲೇಖಿಸತೊಡಗಿದ್ದರು. ವೈದ್ಯರು, ಕಾಡುಪ್ರಾಣಿಗಳ ಲೆಕ್ಕ ಇಡುವವರು, ಭೂಕಂಪದವರು, ಕೊನೆಗೆ ಬ್ಯಾಂಕಿನವರೂ! ಗಂಡ ಗೋಪಿನಾಥನಿಗಂತೂ ಆ ಉಲ್ಲೇಖಗಳ ಸಂಖ್ಯೆ ನೋಡುವುದೇ ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ. ಎಲ್ಲರೂ ಒಂದೊಂದು ಅಡುಗೆ ತಂದು ಸ್ನೇಹಿತರ ಮನೆಯಲ್ಲಿ ಸೇರಿದ್ದ ಪಾಟ್‌ಲಕ್‌ನಲ್ಲಿ ಪುಳಿಯೋಗರೆ ಬಡಿಸುತ್ತಿದ್ದವಳಿಗೆ ಕೇಳುವಂತೆ, “ಲತಾ, ಸೈಟೇಶನ್ಸ್ ಸಾವಿರ ದಾಟ್ತು!” ಎಂದು ಕೂಗಿ ಅವಳನ್ನು ನಾಚಿಸಿಬಿಟ್ಟ.

ಅರ್ಜಿಯ ಜೊತೆ, ತನ್ನ ಸಂಶೋಧನೆಯಿಂದ ಬೇರೆ ಶಾಸ್ತ್ರಗಳಿಗೆ ಏನು ಉಪಯೋಗವಾಯಿತೆಂದು ಎರಡು ಪುಟ ಬರೆಯಬೇಕಿತ್ತು. ಬೇರೆಯವರಾಗಿದ್ದರೆ ಸಂಖ್ಯೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಈ ಮಹಾತಾಯಿ ತನ್ನನ್ನು ಉಲ್ಲೇಖಿಸಿದವರ ಲೇಖನಗಳನ್ನೇ ಇಳಿಸಿಕೊಂಡು ಓದಲು ಕೂತಳು. ಓದುತ್ತ ಓದುತ್ತ ಮುಖ ಸಣ್ಣದಾಯಿತು.

ಅವಳು ಬರೆದದ್ದು ಇಷ್ಟು: ಒಂದೇ ಬೀದಿಯಲ್ಲಿ ನಾಲ್ಕು ಮನೆಗೆ ಒಂದೇ ಕಾಯಿಲೆ ಬಂದರೂ ಅದು ಬರೀ ಆಕಸ್ಮಿಕವಿರಬಹುದು, ಕಾರಣ ಹುಡುಕಲು ಆತುರಪಡಬೇಡಿ. ಓದಿದವರು ಬರೆದದ್ದೋ? ಹೀಗೆ ಗುಂಪಾಗಿ ಬಂದರೆ ಕಾರಣ ಇದ್ದೇ ಇರುತ್ತದೆ, ಇದನ್ನು ಶ್ರೀಲತಾ ಸಾಧಿಸಿದ್ದಾರೆ! ಯಾವನೋ ಪುಣ್ಯಾತ್ಮ ಮೊದಲು ತಪ್ಪಾಗಿ ಬರೆದಿದ್ದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ಮತ್ತೊಬ್ಬ. ಸರಿಯಾಗಿ ಹೇಳಿದವರು ಅವಳದೇ ಶಾಸ್ತ್ರದ ಬೆರಳೆಣಿಕೆಯ ಜನ.

“ಸುಮ್ನೆ ನಂಬರ್ ಹಾಕಿ ಸಬ್ಮಿಟ್ ಮಾಡು,” ಎಂದ ಗೋಪಿನಾಥ, ಕಾಫಿ ಸೋಸುತ್ತ. “ಉಲ್ಟಾ ಬರೆದಿದ್ದು ಅವ್ರು, ನೀನಲ್ವಲ್ಲ.”

“ಆ ನಂಬರ್ ನಂದಲ್ಲ ರೀ.”

“ಈ ಸಲಾನೂ ಹೋದ್ರೆ ಮತ್ತೆ ಅಪ್ಲೈ ಮಾಡ್ತೀಯಾ?”

“ಇಲ್ಲ. ನಂಗೆ ಇನ್ನು ಶಕ್ತಿ ಇಲ್ಲ.”

ಪ್ರೊಫೆಸರ್ ಆಗಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಆದರೂ ಮೊದಲನೇ ಪುಟದಲ್ಲೇ ಬರೆದಳು: ನನ್ನನ್ನು ಉಲ್ಲೇಖಿಸಿದವರಲ್ಲಿ ಹೆಚ್ಚಿನವರು ನಾನು ಹೇಳಿದ್ದಕ್ಕೆ ವಿರುದ್ಧವಾದುದನ್ನು ನನ್ನ ಹೆಸರಲ್ಲಿ ಹೇಳಿದ್ದಾರೆ, ಇದನ್ನು ನನ್ನ ಪ್ರಭಾವವೆಂದು ಎಣಿಸಬೇಡಿ. ಹಾಗೆಯೇ ಕಳಿಸಿಯೂಬಿಟ್ಟಳು. ಆ ಚಳಿಗಾಲವಿಡೀ ಊಟ ಸರಿಯಾಗಿ ಸೇರಲಿಲ್ಲ.

ವಸಂತ ಬಂತು. ಊರಿನ ಪೈನ್ ಮರಗಳು ಎಂದಿನಂತೆ ಹಳದಿ ಪರಾಗ ಸುರಿದು ಕಾರುಗಳನ್ನೆಲ್ಲ ಅರಿಶಿನದಲ್ಲಿ ಹೊರಳಾಡಿಸಿದ್ದವು. ಡ್ರೈವ್‌ವೇಯಲ್ಲಿ ಗೋಪಿನಾಥ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದಾಗ ಶ್ರೀಲತಾ ಫೋನ್ ಹಿಡಿದು ಬಾಗಿಲಿಗೆ ಬಂದಳು.

“ಪ್ರಮೋಷನ್ ಆಯ್ತು ರೀ.”

“ಅಬ್ಬಾ! ಕೊಡು ಇಲ್ಲಿ!” ಪೈಪ್ ಬಿಸಾಡಿ, ಒದ್ದೆ ಕೈಯಲ್ಲೇ ಫೋನ್ ಕಿತ್ತುಕೊಂಡು ಡೀನ್ ಬರೆದ ಪತ್ರವನ್ನು ಜೋರಾಗಿ ಓದತೊಡಗಿದ. ಅವಳ ಪ್ರಭಾವ ಅಪಾರವಂತೆ. ಗುಂಪುಗುಂಪಾಗಿ ಬರುವ ಘಟನೆಗಳಿಗೆ ಕಾರಣ ಇದ್ದೇ ಇರುತ್ತದೆಂದು ಸಾಧಿಸಿ ಹಲವು ಶಾಸ್ತ್ರಗಳಿಗೆ ದಾರಿ ತೋರಿಸಿದ್ದಾಳಂತೆ. ಅಲ್ಲಿಗೆ ಬಂದು ಅವನ ಓದು ನಿಂತಿತು.

“ಅಲ್ಲಾ, ಇದು...”

“ಹೂಂ. ಉಲ್ಟಾ.”

“ನೀನು ಬರೆದಿದ್ದೆ ತಾನೇ? ಫಸ್ಟ್ ಪೇಜಲ್ಲೇ?”

ಶ್ರೀಲತಾ ಮೆಟ್ಟಿಲ ಮೇಲೆ ಕೂತಳು. ನಗಬೇಕೆಂದುಕೊಂಡವಳಿಗೆ ಕಣ್ಣು ತುಂಬಿಬಂತು.

“ಎಷ್ಟು ಹೆದರ್ಕೊಂಡು ಬರೆದಿದ್ದೆ ಗೊತ್ತಾ? ಅದನ್ನೂ ಯಾರೂ ಓದ್ಲಿಲ್ಲ ಕಣ್ರೀ.”