ಬಿಳಿ ಗವಸಿನ ಸಭಿಕರು

ಈಕೆಯ ತಾತ ಡಂಗುರದವನು. ಆಳುವವರ ಮಾತನ್ನು ಬೀದಿಬೀದಿ ತಿರುಗಿ ಸಾರುತ್ತಿದ್ದವನು, ಸುಳ್ಳೆನಿಸಿದ ಮಾತು ಬಂದ ದಿನ ಗಂಟಲು ಕಟ್ಟಿದೆಯೆಂದು ಕಂಬಳಿ ಹೊದ್ದು ಮಲಗುತ್ತಿದ್ದ. ಅಪ್ಪ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ತಿರುಗುಮುರುಗಾದ ಸೀಸದ ಅಕ್ಷರಗಳನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತ, "ಯಾವುದನ್ನೇ ಆಗ್ಲಿ ಹಿಂದಿನಿಂದ ನೋಡು ಮಗಳೇ, ಮುಂದಿರೋದನ್ನ ಅವರೇ ತೋರಿಸ್ತಾರೆ" ಎನ್ನುತ್ತಿದ್ದ.

ಮಗಳು ವರದಿಗಾರ್ತಿಯಾದಳು. ಮೂವತ್ತು ವರ್ಷ ಚುನಾವಣಾ ಸಭೆಗಳಲ್ಲಿ ವೇದಿಕೆಯ ಹಿಂದೆಯೇ ನಿಂತಳು. ಅಲ್ಲಿಂದ ಕಾಣುವುದು ಮುಂದಾಳಿನ ಬೆನ್ನು, ಅದರಾಚೆ ಕೇಳುವವರ ಮುಖ. ಆ ಮುಖಗಳೇ ಆಕೆಯ ಸುದ್ದಿ. ಕಚೇರಿಯಲ್ಲಿ ಹಿಂಬದಿಯಕ್ಕ ಎಂದೇ ಹೆಸರು ಬಿತ್ತು.

ಈಚೆಗೆ ಕಣ್ಣಿಗೆ ಪೊರೆ ಬರತೊಡಗಿತ್ತು. ಲೋಕವನ್ನು ಯಾರೋ ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಸಂಜೆಯಾದರೆ ಬೀದಿಯ ದೀಪಗಳಿಗೆಲ್ಲ ಹೂವರಳುತ್ತಿತ್ತು. ಅದನ್ನು ಆಕೆ ಇಷ್ಟಪಟ್ಟಿದ್ದಳೆಂದೇ ಹೇಳಬೇಕು. ಆದರೆ ಹೋದ ತಿಂಗಳು ಒಬ್ಬ ಅಭ್ಯರ್ಥಿಯ ಚಿತ್ರದ ಕೆಳಗೆ ಎದುರಾಳಿಯ ಹೆಸರು ಬರೆದುಬಿಟ್ಟಳು. "ಇನ್ನೊಂದು ತಪ್ಪಾದ್ರೆ ತಿರುಗಾಟ ಸಾಕು, ಮೇಜಿಗೆ ಬಂದು ಕೂತ್ಕೊಳ್ಳಿ" ಎಂದರು ಸಂಪಾದಕರು. ಹರಿಯುವ ನೀರನ್ನು ಬಿಂದಿಗೆಯಲ್ಲಿ ಹಿಡಿದಿಟ್ಟಂತಾಯಿತು ಆಕೆಗೆ.

ಆ ವರ್ಷ ಗಡಿಯ ಹೊಳೆಯ ಈಚೆಗೂ ಆಚೆಗೂ ಒಟ್ಟಿಗೇ ಚುನಾವಣೆ. ಎರಡೂ ಮಿತ್ರದೇಶಗಳು, ಮಾತೂ ಒಂದೇ. ಆಚೆಯ ಪತ್ರಿಕೆಯ ಬೋಳುತಲೆಯ ವರದಿಗಾರನೂ ಈಕೆಯೂ ಎರಡು ಕಡೆಯ ಪ್ರಚಾರವನ್ನೂ ಜೊತೆಯಾಗಿ ನೋಡಿ, ತೂಗಿ ಬರೆಯಬೇಕೆಂದು ಗೊತ್ತಾಯಿತು. ಈಚೆಯ ಸಭೆಗೆ ಲಾರಿಗಟ್ಟಲೆ ಜನ ಬಂದಿಳಿದರು. ಎಳ್ಳು ಹಾಕಲೂ ಜಾಗವಿರಲಿಲ್ಲ. ಆಚೆಯ ಮೈದಾನದಲ್ಲಿ ತೆಳ್ಳಗೆ ಮಂಜು. ವೇದಿಕೆಯ ಹಿಂದಿನಿಂದ ಆಕೆಗೆ ಕಂಡದ್ದು ಬಿಳಿಯುಟ್ಟ ಜನ, ಸಾಲುಸಾಲು, ದೂರದವರೆಗೂ. ತುಟಿಪಿಟಕ್ಕೆನ್ನದೆ ಕೂತು ಕೇಳುತ್ತಿದ್ದರು. ಕನಸಿನಲ್ಲಿ ನಡೆದ ಸಭೆಯಂತೆ ಅದು ಆಕೆಯ ಕಣ್ಣಲ್ಲಿ ನಿಂತಿತು.

ಮರುದಿನ ಆಚೆಯ ಕಚೇರಿಯಲ್ಲಿ ಬೋಳುತಲೆಯವನು ಆಕೆಯ ಬರಹ ಓದುತ್ತ ಕನ್ನಡಕ ಮೇಲೇರಿಸಿದ.

"ಅಕ್ಕಾ, ತಪಸ್ಸಿಗೆ ಕೂತಂತೆ ಕೇಳೋ ಜನ ಅಂತ ಬರೆದಿದ್ದೀರಲ್ಲ, ಯಾರವರು?"

"ನಿಮ್ಮವರೇ ಕಣೋ. ನಮ್ಮವರು ಕೆಮ್ಮದೆ ಒಂದು ಮಾತು ಕೇಳಿದ್ದುಂಟಾ?"

"ಅವು ಕುರ್ಚಿ ಅಕ್ಕಾ. ಬಿಳೀ ಗವಸು ಹಾಕಿದ್ರು. ಬಂದಿದ್ದೋರು ಮುಂದಿನ ಎರಡು ಸಾಲು, ಅಷ್ಟೇ."

ಆಕೆ ಕಿಟಕಿಯ ಕಡೆ ತಿರುಗಿದಳು. ಅಲ್ಲೂ ಮಂಜು.

"ನಿಮ್ಮ ಮುಂದಾಳು ಖಾಲಿ ಕುರ್ಚಿಗೇ ಒಂದು ಗಂಟೆ ಮಾತಾಡಿದನಾ? ಜನ ತಂದು ತುಂಬಿಸಲಿಲ್ವಾ?"

"ಯಾಕೆ ತುಂಬಿಸಬೇಕು? ಬರೋದು ಬಿಡೋದು ಅವರಿಷ್ಟ. ಆದ್ರೂ ನನಗೆ ನಿಮ್ಮ ಕಡೇದೇ ಹಿಡಿಸ್ತು. ಲಾರಿಯಲ್ಲಿ ಬಂದಿದ್ದ ಒಬ್ಬ ಅಜ್ಜಿ ಎದ್ದು, ನಲ್ಲಿಲಿ ನೀರೆಲ್ಲಯ್ಯಾ ಅಂತ ಕೇಳಿದಳಲ್ಲ. ನಮ್ಮಲ್ಲಿ ಬೈಯೋಕೂ ಯಾರೂ ಬರಲ್ಲ."

ಮೂವತ್ತು ವರ್ಷದಲ್ಲಿ ಆಕೆ ಈಚೆಯ ಸಭೆಗಳಲ್ಲಿ ಖಾಲಿ ಕುರ್ಚಿ ಕಂಡವಳೇ ಅಲ್ಲ; ಜನ ತಂದು ತುಂಬಿಸುತ್ತಿದ್ದರು. ಅರ್ಧ ತಪ್ಪು ಪೊರೆಯದಾದರೆ, ಉಳಿದರ್ಧ ರೂಢಿಯದು. ಎರಡು ದೇಶಗಳ ನಡುವಿನ ವ್ಯತ್ಯಾಸ ಆ ರೂಢಿಯಲ್ಲೇ ಇತ್ತು. ಅದನ್ನು ಹೇಳಬೇಕೆಂದರೆ ತಪ್ಪನ್ನೂ ಹೇಳಬೇಕು; ಹೇಳಿದರೆ ಮೇಜು ಕಾದಿತ್ತು.

ಅವನಿಗೂ ಅದು ಗೊತ್ತು. ಮೆಲ್ಲಗೆ ಹಾಳೆಯನ್ನು ತನ್ನತ್ತ ಎಳೆದುಕೊಂಡ. "ನಾಲ್ಕು ಸಾಲು ತಾನೇ, ನಾನು ತಿದ್ದಿಬಿಡ್ತೀನಿ. ನಿಮ್ಮ ಸಂಪಾದಕರಿಗೆ ಸುಳಿವೂ ಸಿಗಲ್ಲ."

ಆಕೆ ಹಾಳೆಯ ಮೇಲೆ ಅಂಗೈ ಊರಿದಳು.

"ಬೇಡ ತಮ್ಮಾ, ಬಿಡು. ನಮ್ಮ ದೇಶದೋಳು ಖಾಲಿ ಕುರ್ಚಿಲೂ ಜನರನ್ನ ಕಂಡಳು ಅಂತ ನಾನೇ ಬರೀತೀನಿ. ಮೇಜಿಗೆ ಕೂರಿಸಿದ್ರೆ ಕೂರಿಸ್ಲಿ, ನಾನೇನು ನಿಂತೇ ಹುಟ್ಟಿದೋಳಲ್ಲ. ನೀನು ಹೋಗಿ ಊಟ ಮಾಡ್ಕೊಂಡು ಬಾ."