ಕೂಲರ್‌ಗೆ ಕೊಟ್ಟ ರಜೆ

ಅದು ೨೦೨೨ರ ದಸರಾ. ಹುಣಸೂರಿನಲ್ಲಿ ನಾನು ಫ್ರಿಜ್ ಮೆಕ್ಯಾನಿಕ್ ಕೆಲಸ ಹಿಡಿದು ಇಪ್ಪತ್ತಾರು ವರ್ಷ ತುಂಬಿತ್ತು. ಹುಣಸೂರಿನಿಂದ ಬೈಲಕುಪ್ಪೆಯವರೆಗೆ ಬೇಕರಿ, ಹಾಲಿನ ಬೂತು, ವೈನ್ ಶಾಪ್ ಎಲ್ಲ ಸೇರಿ ನಲವತ್ತು ಅಂಗಡಿಗಳವರು ನನ್ನ ಮಾತನ್ನೇ ನಂಬುತ್ತಿದ್ದರು. ಆ ನಂಬಿಕೆಯ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಪಿರಿಯಾಪಟ್ಟಣದ ನಂಜುಂಡನ ವೈನ್ ಶಾಪ್ ಅವುಗಳಲ್ಲಿ ಒಂದು. ಹತ್ತಡಿ ಅಗಲದ ಮಳಿಗೆ, ಮೇಲೆ ಜಿಂಕ್ ಶೀಟು. ಬರುವವರಲ್ಲಿ ಹೆಚ್ಚಿನವರು ಕ್ವಾರ್ಟರ್ ಕೊಂಡು ಹೋಗುವವರು. ನಂಜುಂಡನಿಗೆ ಮಾತ್ರ ಕ್ರಾಫ್ಟ್ ಬಿಯರಿನ ಹುಚ್ಚು. ಸಣ್ಣ ಬ್ರೂವರಿಗಳು ಆಯಾ ಕಾಲಕ್ಕೆ ಸ್ವಲ್ಪವೇ ಮಾಡುವ ಬಿಯರ್ ಅದು. ಬೇಸಿಗೆಗೆ ಮಾವಿನದು, ಮಳೆಗಾಲಕ್ಕೆ ಕಪ್ಪನೆಯದು, ಕೊಡಗಿನಲ್ಲಿ ಕಾಫಿ ಕುಯ್ಲು ಮುಗಿದ ಮೇಲೆ ಕಾಫಿಯದು. ಮುಗಿದರೆ ಮುಗಿಯಿತು, ಮತ್ತೆ ಸಿಗದು. ಹೊಸದು ಬಂದ ದಿನ ಅವನು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದು ಬಾಗಿಲಿಗೆ ನೇತುಹಾಕುತ್ತಿದ್ದ. ಬಿಯರಿಗೂ ಸುಗ್ಗಿ ಬಂತೇನಯ್ಯ ಎಂದು ನಾವು ಕಾಲೆಳೆಯುತ್ತಿದ್ದೆವು. ಕೊಳ್ಳುತ್ತಿದ್ದವರು ಬೈಲಕುಪ್ಪೆ ನೋಡಲು ಬಂದ ಪ್ರವಾಸಿಗರು ಮತ್ತು ನಮ್ಮೂರಿನ ಒಂದಿಬ್ಬರು ಮೇಷ್ಟರು.

ಅವನ ತಂದೆ ಸಣ್ಣಪ್ಪನವರು ಕಟ್ಟೆಮಳಲವಾಡಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಮಗ ಹೆಂಡ ಮಾರುತ್ತಾನೆ ಎಂಬುದು ಅವರಿಗೆ ನುಂಗಲಾರದ ತುತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಮನೆಯಲ್ಲಿ ಅಂಗಡಿಯ ಸುದ್ದಿ ಬಂದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ಅಪ್ಪ ಒಂದು ಸಲ ಒಳಗೆ ಬಂದು ಕೂತರೆ ಸಾಕು ಎಂದು ನಂಜುಂಡ ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಆ ವರ್ಷ ಮೈಸೂರು ಕಡೆಯ ಒಂದು ಸಣ್ಣ ಬ್ರೂವರಿ ದಸರೆಗೆಂದು ರಾಗಿ, ಬೆಲ್ಲ ಹಾಕಿ ಬಿಯರ್ ಮಾಡಲು ಹೊರಟಿತು. ನಂಜುಂಡ ಹಿಂದೆ ಬಿದ್ದು, ಅಪ್ಪನನ್ನೂ ಕಾಡಿ ಬೇಡಿ, ಅವರ ಹೊಲದ ಮೂರು ಮೂಟೆ ರಾಗಿಯನ್ನು ಅಲ್ಲಿಗೆ ಮುಟ್ಟಿಸಿದ. ಲೇಬಲ್ಲಿನ ಮೇಲೆ ಕಟ್ಟೆಮಳಲವಾಡಿ ಎಂದು ಅಚ್ಚಾಗಿ ಬಂತು. ಸಣ್ಣಪ್ಪನವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರಂತೆ. ಆಯುಧಪೂಜೆಗೆ ಅಂಗಡಿಗೆ ಬರುತ್ತೇನೆ, ಹಬ್ಬ ಕಳೆದ ಮಾರನೆಯ ದಿನ ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡುತ್ತೇನೆ ಎಂದರಂತೆ.

ಬಂದದ್ದು ಆರು ಪೆಟ್ಟಿಗೆ. ಎಲ್ಲವನ್ನೂ ವಿಸಿ ಕೂಲರಿನಲ್ಲಿ, ಅಂದರೆ ಗಾಜಿನ ಬಾಗಿಲಿನ ಅಂಗಡಿ ಫ್ರಿಜ್ಜಿನಲ್ಲಿ, ಜೋಡಿಸಿದ್ದ.

ನಮ್ಮ ಕಡೆ ಆಯುಧಪೂಜೆಯ ದಿನ ಕಬ್ಬಿಣಕ್ಕೆ ಕೆಲಸ ಹೇಳುವುದಿಲ್ಲ. ಟಿಲ್ಲರು, ಲೇಥು, ಹಿಟ್ಟಿನ ಗಿರಣಿ ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ ರಜೆ ಕೊಡುತ್ತೇವೆ. ಫ್ರಿಜ್ಜಿಗೂ ಹಾಗೇ ಮಾಡಿ ಎಂದು ಎಲ್ಲರಿಗೂ ಹೇಳಿಕೊಟ್ಟವನು ನಾನೇ. ವರ್ಷಕ್ಕೊಮ್ಮೆ ಐಸು ಕರಗಲಿ, ಕಂಪ್ರೆಸರ್ ತಣ್ಣಗಾಗಲಿ ಎಂಬುದು ನನ್ನ ಲೆಕ್ಕ. ಮಾಮೂಲಿ ಬಿಯರ್ ಎರಡು ದಿನ ಬೆಚ್ಚಗಿದ್ದರೆ ಏನೂ ಆಗುವುದಿಲ್ಲ.

ಅಂದು ಪೂಜೆ ಮಾಡಿದವರು ಸಣ್ಣಪ್ಪನವರೇ. ಗಲ್ಲಾಪೆಟ್ಟಿಗೆಗೆ, ಬಾಗಿಲಿಗೆ, ಕೂಲರಿಗೆ ತಾವೇ ವಿಭೂತಿ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ಇದ್ಕೂ ರಜ ಕೊಡ್ಬೇಕಲ್ವೇನಪ್ಪ?" ಎಂದರು.

"ಕೊಡಿ ಯಜಮಾನ್ರೇ, ಏನೂ ಆಗಲ್ಲ" ಎಂದೆ.

ನಂಜುಂಡ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಎಂಟು ವರ್ಷದ ಮೇಲೆ ಬಂದ ಅಪ್ಪನ ಕೈ ತಡೆಯಲು ಅವನಿಗೆ ಮನಸ್ಸಾಗಲಿಲ್ಲ. ಸಣ್ಣಪ್ಪನವರು ಸ್ವಿಚ್ ಆರಿಸಿ, ಕೂಲರಿಗೆ ಕೈಮುಗಿದರು. ವಿಜಯದಶಮಿಯೂ ಕಳೆಯಲಿ ಎಂದು ಎರಡು ದಿನ ಅಂಗಡಿ ಮುಚ್ಚಿದರು.

ಮೂರನೆಯ ದಿನ ಬೆಳಿಗ್ಗೆ ನನ್ನನ್ನೂ ಕರೆದಿದ್ದರು. ಮೊದಲ ಬಾಟಲಿಯ ಮುಚ್ಚಳ ತೆಗೆಯುತ್ತಲೇ ನೊರೆ ಉಕ್ಕಿ ಸಣ್ಣಪ್ಪನವರ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು. ಇನ್ನೊಂದು ತೆಗೆದರೂ ಅದೇ ಕತೆ. ಲೋಟಕ್ಕೆ ಇಳಿದದ್ದು ಹಳಸಿದ ಅಂಬಲಿಯ ಹಾಗೆ ನಾರುತ್ತಿತ್ತು. ಆಗ ನಾನು ಖಾಲಿ ಪೆಟ್ಟಿಗೆಯನ್ನು ಎತ್ತಿ ಓದಿದೆ. ಒಳಗೆ ಯೀಸ್ಟ್ ಜೀವಂತವಾಗಿದೆ, ನಾಲ್ಕು ಡಿಗ್ರಿಗಿಂತ ಬಿಸಿಯಾಗಬಾರದು ಎಂದು ಅದರ ಮೇಲೆ ಬರೆದಿತ್ತು. ಜಿಂಕ್ ಶೀಟಿನ ಕೆಳಗೆ ಎರಡು ದಿನ ಆ ಯೀಸ್ಟ್ ಬೆಲ್ಲವನ್ನು ತಿಂದು ಬಿಯರ್ ಹುಳಿ ಬಂದಿತ್ತು.

ಸಣ್ಣಪ್ಪನವರು ಟವೆಲಿನಿಂದ ಅಂಗಿ ಒರೆಸಿಕೊಂಡರು. "ರಾಗಿ ಒಪ್ನಿಲ್ಲ ಕಣ್ಲಾ ನಂಜುಂಡ. ಉಣ್ಣೋದ್ನ ಕುಡ್ಯಕ್ಕೆ ಮಾಡುದ್ರೆ ಅದು ಎಂಗ್ ಒಪ್ಪಾತು" ಎಂದರು. ಗದರಿದ ದನಿಯಲ್ಲ, ಬಹಳ ಮೆಲ್ಲಗೆ. ಹಾಗೇ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ತಪ್ಪು ನನ್ನದೆಂದು ನನಗೆ ಗೊತ್ತಿತ್ತು. ನಲವತ್ತು ಅಂಗಡಿಯವರಿಗೆ ಸುದ್ದಿ ಹೋದರೆ ನನ್ನ ಗತಿಯೇನು ಎಂದು ಹೆದರಿದೆ. ಬಾಯಿ ಬಿಡಲಿಲ್ಲ. ಕೂಲರಿನ ಪ್ಲಗ್ಗನ್ನು ಸುಮ್ಮನೆ ಎರಡು ಸಲ ತೆಗೆದು ಹಾಕಿ, ಕೆಲಸ ಮಾಡಿದವನಂತೆ ನಟಿಸಿ, ಬೈಕ್ ಹತ್ತಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಣ್ಣಪ್ಪನವರು ಮತ್ತೆ ಅಂಗಡಿಗೆ ಬರಲಿಲ್ಲ. ನಂಜುಂಡ ಸ್ಲೇಟು ಬರೆಯುವುದನ್ನು ನಿಲ್ಲಿಸಿದ, ಕ್ರಾಫ್ಟ್ ಬಿಯರ್ ತರಿಸುವುದನ್ನೂ ಬಿಟ್ಟ. ಯುಗಾದಿಗೆ ಮುಂಚೆ ಸಣ್ಣಪ್ಪನವರು ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದವನು ನಂಜುಂಡನನ್ನು ಕಣದ ಪಕ್ಕಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ.

"ಅವತ್ತೇ ಗೊತ್ತಿತ್ತು ಬುಡಿ ಸಿದ್ದಣ್ಣ" ಎಂದ. "ಸ್ವಿಚ್ಚು ಆರ್ಸಿದ್ದು ಅಪ್ಪನ ಕೈ ಕಣ್ರೀ. ತನ್ ಕೈಯಿಂದ್ಲೇ ಹಾಳಾಯ್ತು ಅಂತ ಅಪ್ಪಂಗೆ ಗೊತ್ತಾಗಿದ್ರೆ ಸಾಯೋಗಂಟ ಕೊರಗ್ತಿತ್ತು. ತಪ್ಪು ರಾಗಿ ಮ್ಯಾಲೇ ಇರ್ಲಿ ಅಂತ ಸುಮ್ಕಾದೆ."

ಅಲ್ಲಿಂದ ಈಚೆಗೆ ಆಯುಧಪೂಜೆಯ ಹಿಂದಿನ ದಿನ ಪ್ರತಿ ಅಂಗಡಿಗೂ ಫೋನ್ ಮಾಡಿ ಫ್ರಿಜ್ಜಿನೊಳಗೆ ಏನಿದೆ ಎಂದು ಕೇಳುತ್ತೇನೆ. ಯಂತ್ರ ಬಲ್ಲವನು ಒಳಗಿರುವ ಪದಾರ್ಥವನ್ನೂ ಬಲ್ಲವನಾಗಿರಬೇಕು. ಈ ಪಾಠ ಕಲಿಯುವುದು ಸುಲಭ. ಇನ್ನೊಂದು ಪಾಠ ಮಾತ್ರ ಇಂದಿಗೂ ಚುಚ್ಚುತ್ತದೆ. ಅಂದು ಆ ಅಂಗಡಿಯಲ್ಲಿ, ತಪ್ಪು ನನ್ನದು ಯಜಮಾನರೇ ಎಂದು ನಾನು ಹೇಳಿದ್ದರೆ ಸಾಕಿತ್ತು. ಸಣ್ಣಪ್ಪನವರು ನನಗೆ ಬಾಯಿಗೆ ಬಂದಂತೆ ಬೈದು, ಮುಂದಿನ ಸುಗ್ಗಿಯಲ್ಲಿ ಮಗನಿಗೆ ಇನ್ನೂ ಮೂರು ಮೂಟೆ ರಾಗಿ ಅಳೆದು ಕೊಡುತ್ತಿದ್ದರು.