ಹೊಸ್ತಿಲ ಹೊರಗಿನ ಬೂಟು

ನನ್ನ ಹೆಂಡತಿ ರೇಖಾ, ತೆಲಿಗಿಯ ಸುತ್ತಿನ ಹಳ್ಳಿಗಳಿಗೆ ನರ್ಸು. ಸೈಕಲ್ಲೇ ಅವಳ ಜೀಪು. ತೊಂಬತ್ತೆಂಟರ ಕಾರ್ತಿಕದಲ್ಲಿ ಜಡಿಮಳೆ ಹಿಡಿದಾಗ, ಹವಾಯಿ ಚಪ್ಪಲಿ ಪೆಡಲಿನ ಮೇಲೆ ಜಾರಿ ಎರಡು ಸಲ ಬಿದ್ದಳು. ಸರಿ, ಹರಪನಹಳ್ಳಿಯ ಚಪ್ಪಲಿ ಅಂಗಡಿಗೆ ಹೋದೆವು. ಗಮ್‌ಬೂಟಿನಲ್ಲಿ ಮೊಣಕಾಲು ಮಡಚಲು ಬರಲಿಲ್ಲ. ಪ್ಲಾಸ್ಟಿಕ್ ಸ್ಯಾಂಡಲ್ ಕೊಂಡರೆ ಥಂಡಿ ನೇರ ಬೆರಳಿಗೇ. ಕೊನೆಗೆ ಲೇಸಿನ ಕ್ಯಾನ್ವಾಸ್ ಬೂಟೇ ಬೇಕೆಂದು ಹಟ ಹಿಡಿದಳು.

"ಮನಿ ಮನಿ ಅಡ್ಡಾಡಾಕಿ ನೀನು. ಹೊಸ್ತಿಲಿಗೊಮ್ಮೆ ಲೇಸು ಬಿಚ್ಚತಾ ಕುಂದರ್ತೀಯೇನು?" ಎಂದೆ.

ನನ್ನ ಮಾತು ಯಾವತ್ತು ಕೇಳಿದ್ದಾಳೆ?

ಮರುದಿನವೇ ರೈತ ಓಬಳೇಶಪ್ಪ ಓಡಿ ಬಂದ. ಹೊಲದ ಮನೆಯಲ್ಲಿ ಹೆಂಡತಿಗೆ ಚೊಚ್ಚಲ ಹೆರಿಗೆಯ ನೋವು, ಎರಡು ಮೈಲಿ ದಾರಿ. ರೇಖಾ ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಬೂಟು ತೊಟ್ಟು, ಕೂಸಿನ ಹೊಕ್ಕುಳಬಳ್ಳಿಗೆ ಹಾಕುವ ಗಂಟನ್ನೇ ಲೇಸಿಗೂ ಬಿಗಿದಳು. ಆ ಗಂಟು ಸಡಿಲಾದದ್ದೇ ಇಲ್ಲ ಅನ್ನುವುದು ಅವಳ ಹೆಮ್ಮೆ. ಅಬ್ಬಾ, ಏನು ತುಳಿದಳು! ಓಬಳೇಶಪ್ಪನನ್ನು ನನ್ನ ಸೈಕಲ್ಲಿನಲ್ಲಿ ಕೂರಿಸಿಕೊಂಡ ನಾನು ಏದುಸಿರು ಬಿಡುತ್ತ ಹಿಂದೆ ಬಿದ್ದೆ.

ನಾವು ಮುಟ್ಟಿದಾಗ ರೇಖಾ ಇನ್ನೂ ಹೊಸ್ತಿಲ ಹೊರಗೇ ಕೂತಿದ್ದಳು! ನೆನೆದ ಲೇಸು ಬಿಗಿದು ಗಂಟು ಕಲ್ಲಾಗಿತ್ತು. ಒಳಗೆ ಬಸುರಿಯ ಚೀರಾಟ. ಕೆಸರು ಬೂಟಿನಲ್ಲಿ ಹೋದರೆ ತಾಯಿಗೂ ಕೂಸಿಗೂ ನಂಜಾದೀತು. ಚೀಲದಲ್ಲಿದ್ದ ಕತ್ತರಿ ಕುದಿಸಿಟ್ಟದ್ದು, ಲೇಸಿಗೆ ಮುಟ್ಟಿಸುವಂತಿಲ್ಲ. ರೇಖಾಳ ಕಣ್ಣಲ್ಲಿ ನೀರು. ಅಂಗಡಿಯಲ್ಲಿ ಆಡಿದ ಮಾತು ನಿಜವಾದದ್ದಕ್ಕೆ ನನಗೇ ನಾಚಿಕೆಯಾಯಿತು.

ಓಬಳೇಶಪ್ಪನ ತಾಯಿ ಈರಕ್ಕ ಕುಡುಗೋಲು ಹಿಡಿದು ಹೊರಗೆ ಬಂದಳು.

"ಕಾಲು ಚಾಚವ್ವಾ!"

ಎರಡೇ ಸಲ ಸರಕ್ ಎಂದಿತು. ರೇಖಾ ಬೂಟು ಕೊಡವಿ ಎಸೆದು, ಕೈಕಾಲು ತೊಳೆದು ಒಳಗೆ ನುಗ್ಗಿದಳು. ಕಾಲು ಗಂಟೆಗೆ ಕೂಸು ಅತ್ತಿತು. ಹೆಣ್ಣು! ನಾನೂ ಓಬಳೇಶಪ್ಪನೂ ಮಳೆಯಲ್ಲೇ ತಬ್ಬಿಕೊಂಡು ಕುಣಿದೆವು. ಖುಷಿಗೆ ನನಗೆ ಥಂಡಿಯ ನೆನಪೇ ಇರಲಿಲ್ಲ.

ರೇಖಾ ಹೊರಡುವ ಹೊತ್ತಿಗೆ ಬೂಟು ಒಲೆಯ ಪಕ್ಕ ಬೆಚ್ಚಗಾಗಿತ್ತು. ಈರಕ್ಕ ಅದಕ್ಕೆ ಪುಂಡಿನಾರಿನ ಹುರಿ ಪೋಣಿಸಿ, ರೇಖಾಳ ಕಾಲಿಗೆ ತಾನೇ ತೊಡಿಸಿ, ಎತ್ತು ಕಟ್ಟುವ ಗಂಟು ಹಾಕಿದಳು.

"ಈ ತುದಿ ಎಳಿ, ಒಮ್ಮಿಗೇ ಬಿಚ್ಚತೈತಿ. ನನ್ನ ಮಗಳೂ ಬಸುರಿ, ಆರು ತಿಂಗಳು ತುಂಬ್ಯಾವು. ಆಕಿ ಹೆರಿಗಿಗೆ ಬಂದು ಹೊಸ್ತಿಲದಾಗ ಕುಂದರಬ್ಯಾಡವ್ವಾ."